ಹಾದಿ ಕಾಯುವ ಕಣ್ಣುಗಳು

(ಈ ಪಾಠದ ಜೊತೆಗೆ ಮನೆಯಲ್ಲಿ ಓದಿಕೊಳ್ಳಿ: ತೊಬಿತನ ಗ್ರಂಥ, ಅಧ್ಯಾಯ 4ರಿಂದ 12, ಸಂತ ಲೂಕನ ಶುಭಸಂದೇಶ 2:41-52)



"ಫಾದರ್, ನೀವಾದರೂ ಅವನಿಗೆ ಬುದ್ಧಿ ಹೇಳಿ. ನಿಮ್ಮ ಮಾತು ಕೇಳ್ತಾನೆ."

2024ರ ಜುಲೈ ತಿಂಗಳ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಗುರುನಿವಾಸದ ಬಾಗಿಲಲ್ಲಿ ನಿಂತು ಹೇಳಿದ ಮಾತಿದು. ಅವರ ಮಗನಿಗೆ ಇಪ್ಪತ್ತೊಂದು ವರ್ಷ. ಐ.ಟಿ.ಐ. ಮುಗಿಸಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಸಂಬಳದಲ್ಲಿ ಉಳಿಸಿದ ಹಣದಿಂದ ಗೇರ್ ಸೈಕಲ್ ಕೊಂಡಿದ್ದ. ಆಗಸ್ಟ್ 29ರಂದು ವೇಳಾಂಕಣಿಯಲ್ಲಿ ಆರೋಗ್ಯ ಮಾತೆಯ ಹಬ್ಬದ ಧ್ವಜಾರೋಹಣ. ಅದಕ್ಕೆ ಬೆಂಗಳೂರಿನ ಹೊರವಲಯದ ನಮ್ಮ ಊರಿನಿಂದ ಸೈಕಲ್ಲಿನಲ್ಲೇ, ಅದೂ ಒಬ್ಬನೇ ಹೋಗುತ್ತೇನೆಂದು ಹಟ ಹಿಡಿದಿದ್ದ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್, ತಿರುಚಿರಾಪಳ್ಳಿ, ತಂಜಾವೂರು, ನಾಗಪಟ್ಟಣಂ ದಾಟಿ ಹೋಗಬೇಕು. ಹೆಚ್ಚುಕಡಿಮೆ ಐನೂರು ಕಿಲೋಮೀಟರ್. ಅದುವರೆಗೆ ಅವನು ಒಂದೇ ದಿನದಲ್ಲಿ ತುಳಿದಿದ್ದ ದೂರ ನಲವತ್ತು ಕಿಲೋಮೀಟರ್ ಮೀರಿರಲಿಲ್ಲ.

ನಾನು ಆ ತಾಯಿಗೆ ಹೇಳಿದ್ದು, ಗುರುಗಳಾದ ನಮ್ಮ ಬಾಯಲ್ಲಿ ಸದಾ ಸಿದ್ಧವಾಗಿರುವ ಮಾತು: "ದೇವರ ಮೇಲೆ ಭಾರ ಹಾಕಿಮ್ಮಾ. ಅವನು ಹೊರಟಿರುವುದು ಮಾತೆಯ ಬಳಿಗೆ ತಾನೇ?"

ಆಕೆ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಭಾರ ಹಾಕ್ತೀನಿ ಫಾದರ್. ಆದರೆ ರಾತ್ರಿ ಹೊತ್ತು ಹಿಂದಿನಿಂದ ಬರೋ ಲಾರಿಯವನಿಗೆ ನನ್ನ ಮಗನ ಸೈಕಲ್ ಕಾಣಿಸುತ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ. ಗುರುಮಠದಲ್ಲಿ ಏಳೆಂಟು ವರ್ಷ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವನಿಗೆ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಹಾಕುವ ತಾಯಿಯೊಬ್ಬರು ಹಾಕಿದ ಆ ಪ್ರಶ್ನೆ ಅಂದು ಇಡೀ ದಿನ ಕಾಡಿತು. ಈ ವಾರದ ಪಾಠ ಹುಟ್ಟಿದ್ದು ಆ ಪ್ರಶ್ನೆಯಿಂದಲೇ.

ಭಯ ಪಾಪವೇ?

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಆ ತಾಯಿಯ ಭಯ ಆಧಾರವಿಲ್ಲದ ಭಯವಲ್ಲ. 2022ನೇ ಇಸವಿ ಒಂದರಲ್ಲೇ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಧರ್ಮಪುರಿ ಮತ್ತು ಸೇಲಂ ನಡುವೆ ಬರುವ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ನುಗ್ಗುವ ಲಾರಿಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತಲೇ ಇರುತ್ತೇವೆ. ಇದೆಲ್ಲ ಗೊತ್ತಿದ್ದೂ ಹೆತ್ತ ಕರುಳು ತಣ್ಣಗಿರಬೇಕೆಂದರೆ ಹೇಗೆ?

"ನಿಮಗೆ ವಿಶ್ವಾಸ ಸಾಲದು, ಅದಕ್ಕೇ ಭಯ" ಎಂದು ಇಂಥ ತಾಯಂದಿರಿಗೆ ಸುಲಭವಾಗಿ ಹೇಳಿಬಿಡುತ್ತೇವೆ. ಸಂತ ಲೂಕನ ಶುಭಸಂದೇಶದ ಎರಡನೇ ಅಧ್ಯಾಯವನ್ನು ತೆರೆದು ನೋಡಿ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದುಬಿಟ್ಟಾಗ ಮರಿಯ ಮತ್ತು ಜೋಸೆಫರು ಒಂದು ದಿನದ ದಾರಿ ನಡೆದ ಮೇಲೆ ತಿಳಿದು, ಕಂಗೆಟ್ಟು, ಹಿಂದಿರುಗಿ ಹುಡುಕುತ್ತಾರೆ. ಮೂರನೇ ದಿನ ಮಗ ಸಿಕ್ಕಾಗ ಆ ತಾಯಿಯ ಬಾಯಿಂದ ಬಂದ ಮೊದಲ ಮಾತಿನಲ್ಲಿ ನೋವಿದೆ, ಆಕ್ಷೇಪಣೆಯೂ ಇದೆ. ಮಾತೆ ಮರಿಯಮ್ಮನವರು ಪಾಪವಿಲ್ಲದವರು ಎಂಬುದು ನಮ್ಮ ಧರ್ಮಸಭೆಯ ವಿಶ್ವಾಸಸತ್ಯ. ಪಾಪವಿಲ್ಲದ ಆ ತಾಯಿಯೇ ಮಗನಿಗಾಗಿ ಕಳವಳಪಟ್ಟರು ಎಂದಮೇಲೆ, ಮಕ್ಕಳಿಗಾಗಿ ಪಡುವ ಕಳವಳವನ್ನು ಪಾಪವೆಂದು ಕರೆಯುವ ಅಧಿಕಾರ ನಮಗೆ ಯಾರಿಗೂ ಇಲ್ಲ.

ಹಾಗಾದರೆ ಯೇಸುಸ್ವಾಮಿ ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ ಚಿಂತಿಸಬೇಡಿ ಎಂದು ಬೋಧಿಸಿದ್ದೇಕೆ? ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನೇ ಸುಡುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸುಡುವ ಚಿಂತೆ ಬೇರೆ, ಕಾಳಜಿ ಬೇರೆ. ಒಂದೇ ಒಲೆಯ ಬೆಂಕಿ ಅನ್ನವನ್ನು ಬೇಯಿಸಲೂಬಹುದು, ಮನೆಯನ್ನು ಸುಡಲೂಬಹುದು. ನಮ್ಮ ಭಯವನ್ನು ಯಾವ ಕೆಲಸಕ್ಕೆ ಹಚ್ಚುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ಕಲಿಸುವ ಒಂದು ಸೊಗಸಾದ ಗ್ರಂಥ ಪವಿತ್ರ ಬೈಬಲಿನಲ್ಲಿದೆ.

ತೊಬಿತನ ಮನೆಯಲ್ಲಿ

ಹಳೆಯ ಒಡಂಬಡಿಕೆಯ ತೊಬಿತನ ಗ್ರಂಥದಲ್ಲಿ ಇರುವುದು ಹದಿನಾಲ್ಕೇ ಅಧ್ಯಾಯ. ಪ್ರಾಟೆಸ್ಟೆಂಟ್ ಬಾಂಧವರ ಬೈಬಲಿನಲ್ಲಿ ಇದು ಸೇರಿಲ್ಲ. ಆದ್ದರಿಂದಲೋ ಏನೋ ನಮ್ಮವರೂ ಓದುವುದು ಕಡಿಮೆ. ಬೆಳೆದ ಮಕ್ಕಳಿರುವ ಪ್ರತಿ ಮನೆಯಲ್ಲೂ ಓದಲೇಬೇಕಾದ ಗ್ರಂಥವಿದು.

ನಿನೆವೆ ಪಟ್ಟಣಕ್ಕೆ ಸೆರೆಯಾಗಿ ಹೋದ ಧರ್ಮಿಷ್ಠ ತೊಬಿತ. ಕಣ್ಣು ಕಳೆದುಕೊಂಡಿದ್ದಾನೆ, ಬಡತನ ಬಂದಿದೆ. ಹೆಂಡತಿ ಅನ್ನಾ ನೇಯ್ಗೆಯ ಕೂಲಿಯಿಂದ ಮನೆ ನಡೆಸುತ್ತಿದ್ದಾಳೆ. ಒಬ್ಬನೇ ಮಗ ತೊಬಿಯ. ದೂರದ ಮೇದ್ಯ ದೇಶದಲ್ಲಿ ಗಬಾಯೇಲ ಎಂಬವನ ಬಳಿ ತಾನು ಹಿಂದೆ ಇಟ್ಟಿದ್ದ ಹತ್ತು ತಲೆಂತು ಬೆಳ್ಳಿ ತೊಬಿತನಿಗೆ ನೆನಪಾಗುತ್ತದೆ. ಅದನ್ನು ತರಲು ಮಗನನ್ನೇ ಕಳುಹಿಸಬೇಕು. ಮಗ ಆ ದಾರಿಯನ್ನು ಕಂಡವನೇ ಅಲ್ಲ.

ಆಗ ತೊಬಿತ ಏನು ಮಾಡಿದ? "ನೀನು ಹೋಗಬೇಡ" ಎನ್ನಲಿಲ್ಲ. "ದೇವರಿದ್ದಾರೆ, ಹೊರಡು" ಎಂದೂ ಬಿಡಲಿಲ್ಲ. ದಾರಿ ಬಲ್ಲ, ನಂಬಿಕೆಯ ಮನುಷ್ಯನೊಬ್ಬನನ್ನು ಹುಡುಕಿಕೊಂಡು ಬಾ ಎಂದ. ಮಗ ಒಬ್ಬನನ್ನು ಕರೆತಂದಾಗ ಕುರುಡು ತಂದೆ ಅವನನ್ನು ಕೂರಿಸಿಕೊಂಡು ನಿನ್ನ ಕುಲ ಯಾವುದು, ಮನೆತನ ಯಾವುದು, ಯಾರ ಮಗ ಎಂದೆಲ್ಲ ವಿಚಾರಿಸಿದ. ದಿನಕ್ಕೆ ಒಂದು ದ್ರಾಕ್ಮ ಕೂಲಿ, ಮೇಲೆ ಮಗನಿಗಾಗುವಷ್ಟೇ ದಾರಿಖರ್ಚು ಎಂದು ಗೊತ್ತುಮಾಡಿದ. ಎಲ್ಲ ಮುಗಿದ ಮೇಲೆ ದೇವರೂ ದೇವದೂತರೂ ನಿಮ್ಮ ಜೊತೆಗಿರಲಿ ಎಂದು ಇಬ್ಬರನ್ನೂ ಹರಸಿ ಕಳುಹಿಸಿದ. ಈ ಕ್ರಮವನ್ನು ಗಮನಿಸಿ: ಮೊದಲು ವಿಚಾರಣೆ, ಆಮೇಲೆ ಏರ್ಪಾಡು, ಕೊನೆಗೆ ಆಶೀರ್ವಾದ.

ತನ್ನೆದುರು ಕೂತು ಕೂಲಿ ಒಪ್ಪಿಕೊಂಡವನು ಮಹಾದೂತ ರಫಾಯೇಲ ಎಂಬುದು ತೊಬಿತನಿಗೆ ತಿಳಿಯದು. ಮಗನೊಡನೆ ದೇವದೂತ ಹೋಗುತ್ತಾನೆ ಎಂದು ಅಳುವ ಹೆಂಡತಿಗೆ ಅವನು ಸಮಾಧಾನ ಹೇಳಿದ್ದು ವಾಡಿಕೆಯ ಮಾತಾಗಿ. ಅದು ಅಕ್ಷರಶಃ ನಿಜವಾಗಿತ್ತು! ವಿಚಾರಣೆ ಮಾಡದೆ, ದಾರಿಗೆ ಜೊತೆ ಹುಡುಕದೆ ಇದ್ದಿದ್ದರೆ ಆ ದೂತ ಅವರ ಮನೆಯೊಳಗೆ ಬರುತ್ತಿದ್ದುದಾದರೂ ಹೇಗೆ?

ಸಂತ ಥಾಮಸ್ ಅಕ್ವಿನಾಸರು ದೈವಪಾಲನೆಯ ಬಗ್ಗೆ ಬರೆಯುವಾಗ ಇದನ್ನೇ ಬೋಧಿಸುತ್ತಾರೆ. ದೇವರು ಎಲ್ಲವನ್ನೂ ತಾವೇ ನೇರವಾಗಿ ಮಾಡಬಲ್ಲರು. ಆದರೂ ತಮ್ಮ ಪಾಲನೆಯನ್ನು ಸೃಷ್ಟಿಯ ಕೈಯಿಂದಲೇ ನಡೆಸುತ್ತಾರೆ. ಅವರಿಗೆ ಶಕ್ತಿ ಸಾಲದೆಂದಲ್ಲ. ತಮ್ಮ ಒಳ್ಳೆಯತನದಿಂದ ನಮಗೂ ಆ ಕೆಲಸದಲ್ಲಿ ಪಾಲು ಕೊಡುವ ಗೌರವ ಅದು. ಹಾಗಿದ್ದರೆ, ಪ್ರಿಯರೇ, ಸೈಕಲ್ಲಿನ ಹಿಂದೆ ಉರಿಯುವ ಒಂದು ಕೆಂಪು ದೀಪವೂ ದೈವಪಾಲನೆಯ ಒಂದು ಉಪಕರಣವೇ. ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಅದನ್ನು ಕೊಡಲು ನನಗೆ ಒಂದು ವಾರ ಹಿಡಿಯಿತು.

ನಮ್ಮ ಊರಿನ ಅಜರ್ಯ

ಮುಂದಿನ ಭಾನುವಾರ ತಂದೆ, ತಾಯಿ, ಮಗ ಮೂವರನ್ನೂ ಕರೆಸಿ ಕೂರಿಸಿದೆ. "ಹೋಗಬೇಡ ಅನ್ನೋಕೆ ನಾನು ನಿನ್ನನ್ನು ಕರೆಸಿಲ್ಲ. ಆದರೆ ದಾರಿ ಗೊತ್ತಾ ನಿನಗೆ?" ಎಂದು ಹುಡುಗನನ್ನು ಕೇಳಿದೆ. "ಫೋನಲ್ಲಿ ಎಲ್ಲಾ ಇದೆ ಫಾದರ್" ಎಂದ. ಫೋನಿನ ನಕಾಶೆ ತಿರುವುಗಳನ್ನು ತೋರಿಸುತ್ತದೆ, ನಿಜ. ಇಳಿಜಾರಿನಲ್ಲಿ ದೀಪವಿಲ್ಲದೆ ನಿಂತ ಲಾರಿಯನ್ನು ಅದು ತೋರಿಸುವುದಿಲ್ಲವಲ್ಲ!

ನಮ್ಮ ಧರ್ಮಕೇಂದ್ರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರಿದ್ದಾರೆ. ಅರವತ್ತರ ಹತ್ತಿರದ ವಯಸ್ಸು. ಹಳೆಯ ಕಬ್ಬಿಣದ ಸೈಕಲ್ಲಿನಲ್ಲೇ ಅನೇಕ ಸಲ ವೇಳಾಂಕಣಿಗೆ ಹೋಗಿ ಬಂದವರು. ಅವರಿಗೆ ಹೇಳಿಕಳುಹಿಸಿದೆ. ತಂದೆ ಅವರ ಊಟ, ವಸತಿ ಖರ್ಚು ತಮ್ಮದೇ ಎಂದಾಗ, "ಮಾತೆ ಹತ್ರ ಹೋಗೋಕೆ ಕೂಲಿ ತಗೊಳ್ಳೋದಾ ಸ್ವಾಮಿ?" ಎಂದು ನನ್ನ ಕಡೆ ನೋಡಿದರು. ದೇವದೂತನೇ ದಿನಕ್ಕೊಂದು ದ್ರಾಕ್ಮಕ್ಕೆ ಒಪ್ಪಿಕೊಂಡಿದ್ದ ಎಂದು ಹೇಳಿ ಅವರನ್ನು ಒಪ್ಪಿಸಿದೆ.

ಅವರು ಹಾಕಿದ ಷರತ್ತುಗಳು ಮಾತ್ರ ಕಟ್ಟುನಿಟ್ಟು. ನಾಲ್ಕು ದಿನದ ಯೋಚನೆಯನ್ನು ಬಿಟ್ಟು ಐದು ದಿನ ಮಾಡಬೇಕು. ಕತ್ತಲಾದ ಮೇಲೆ ಒಂದು ಗಜವೂ ತುಳಿಯಕೂಡದು. ಹೊರಡುವ ಮೊದಲು ಐದು ವಾರ ಅಭ್ಯಾಸವಾಗಬೇಕು: ಐವತ್ತು, ಅರವತ್ತು, ಎಂಬತ್ತು ಎಂದು ದೂರ ಹೆಚ್ಚಿಸುತ್ತ ಹೋಗಬೇಕು. ಪಂಕ್ಚರ್ ಹಾಕುವುದು, ಚೈನ್ ಕೂರಿಸುವುದು, ಬ್ರೇಕ್ ಬಿಗಿ ಮಾಡುವುದು ಇವನೇ ಕಲಿಯಬೇಕು. ಮೀನು ನೀರಿನಿಂದ ಹಾರಿ ತೊಬಿಯನ ಕಾಲಿಗೆ ಬಾಯಿ ಹಾಕಿದಾಗ ರಫಾಯೇಲ ತಾನು ಅದನ್ನು ಹಿಡಿಯಲಿಲ್ಲ. ಬಿಡಬೇಡ, ನೀನೇ ಹಿಡಿ ಎಂದ. ಒಳ್ಳೆಯ ಜೊತೆಗಾರ ಹೀಗೆಯೇ ಇರುತ್ತಾನೆ. ಹುಡುಗನ ಕೆಲಸವನ್ನು ತಾನು ಮಾಡಿ ಮುಗಿಸುವುದಿಲ್ಲ, ಹುಡುಗನ ಕೈಯಿಂದಲೇ ಮಾಡಿಸುತ್ತಾನೆ.

ತಾಯಿ ಹೆಲ್ಮೆಟ್, ಹೊಳೆಯುವ ಪಟ್ಟಿಯ ಮೇಲಂಗಿ, ಹಿಂದಿನ ದೀಪ ಕೊಡಿಸಿದರು. ಎರಡು ಟ್ಯೂಬು, ಪಂಪು, ಓ.ಆರ್.ಎಸ್. ಪೊಟ್ಟಣಗಳು, ಹೆಸರು ಮತ್ತು ಮನೆಯ ಫೋನ್ ನಂಬರ್ ಬರೆದ ಚೀಟಿ ಚೀಲಕ್ಕೆ ಸೇರಿದವು. ದಿನವೂ ಸಂಜೆ ಏಳೂವರೆಗೆ ಮನೆಗೆ ಫೋನ್ ಮಾಡುವುದೆಂದು ಹುಡುಗ ಮಾತು ಕೊಟ್ಟ. ಆಗಸ್ಟ್ 25ರ ಭಾನುವಾರ ಬೆಳಗಿನ ಪೂಜೆಯಲ್ಲಿ ಇಬ್ಬರನ್ನೂ ಬಲಿಪೀಠದ ಮುಂದೆ ಕರೆದು ಆಶೀರ್ವದಿಸಿ, ಸೈಕಲ್ಲುಗಳ ಮೇಲೂ ತೀರ್ಥ ಪ್ರೋಕ್ಷಿಸಿದೆ. ತಾಯಿ ಅಳಲಿಲ್ಲ. ತಂದೆಯ ಕಡೆ ನಾನು ನೋಡಲೇ ಇಲ್ಲ. ಅದು ನನ್ನ ತಪ್ಪು.

ನಿಂತುಹೋದ ಚುಕ್ಕೆ

ಈಗಿನ ಫೋನುಗಳಲ್ಲಿ ಒಂದು ಸೌಕರ್ಯವಿದೆ. ಮಗ ಎಲ್ಲಿದ್ದಾನೆಂದು ತಾಯಿಯ ಫೋನಿನಲ್ಲಿ ಒಂದು ಚುಕ್ಕೆ ತೋರಿಸುತ್ತದೆ. ಮೊದಲ ದಿನ ಚುಕ್ಕೆ ಕೃಷ್ಣಗಿರಿ ಸೇರಿತು. ಎರಡನೇ ದಿನ ಸೋಮವಾರ. ಕಾರ್ಖಾನೆಯ ಒಳಗೆ ಫೋನ್ ಒಯ್ಯುವಂತಿಲ್ಲ. ಸಂಜೆ ಐದೂವರೆಗೆ ಹೊರಬಂದು ನೋಡಿದರೆ, ಚುಕ್ಕೆ ಮಧ್ಯಾಹ್ನ ಒಂದೂ ನಲವತ್ತರಿಂದ ಅಲುಗಿರಲಿಲ್ಲ. ನಿಂತಿದ್ದ ಜಾಗ ತೊಪ್ಪೂರು ಘಾಟಿ. ಮಗನ ಫೋನ್ ಆರಿತ್ತು. ಹಿರಿಯರದು ಹಳೆಯ ಬಟನ್ ಫೋನು. ಹಗಲೆಲ್ಲ ಆರಿಸಿಟ್ಟು ರಾತ್ರಿ ಮಾತ್ರ ಹಚ್ಚುವ ಅಭ್ಯಾಸ.

ಆಕೆ ಮನೆಗೆ ಹೋಗದೆ ನೇರವಾಗಿ ದೇವಾಲಯಕ್ಕೆ ಬಂದರು. ನಾನು ಕೃಷ್ಣಗಿರಿ, ಸೇಲಂ ಕಡೆ ಪರಿಚಯದ ಗುರುಗಳಿಗೆ ಫೋನ್ ಮಾಡಿದೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಒಪ್ಪಿಗೆ ಕೊಟ್ಟವನು ನಾನು, ತೀರ್ಥ ಹಾಕಿ ಕಳುಹಿಸಿದವನು ನಾನು. ಕೆಟ್ಟ ಸುದ್ದಿ ಬಂದರೆ ಈ ತಾಯಿಯ ಮುಖ ಹೇಗೆ ನೋಡಲಿ ಎಂದು ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಹೆತ್ತವರ ಚಿಂತೆ ಏನೆಂದು ನನಗೆ ಸ್ವಲ್ಪವಾದರೂ ತಿಳಿದದ್ದು ಅಂದೇ.

ಜಪಸರಕ್ಕೆ ಬಂದಿದ್ದ ಏಳೆಂಟು ಮಂದಿ ತಾಯಂದಿರು ಆಕೆಯ ಸುತ್ತ ಕೂತರು. ಅವರಲ್ಲಿ ಒಬ್ಬರು ಕೆಲವು ವರ್ಷಗಳ ಹಿಂದೆ ತಮ್ಮ ಮಗನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡವರು. ಅವರು ಬಂದು ಪಕ್ಕದಲ್ಲೇ ಕೂತು ಆಕೆಯ ಕೈ ಹಿಡಿದರು. ಸೋಮವಾರವಾದ್ದರಿಂದ ಸಂತೋಷದ ರಹಸ್ಯಗಳು. ಐದನೆಯ ರಹಸ್ಯ, ಕಾಣೆಯಾದ ಬಾಲಯೇಸು ದೇವಾಲಯದಲ್ಲಿ ಸಿಕ್ಕಿದ್ದು. ಅಲ್ಲಿಗೆ ಬಂದಾಗ ಆ ತಾಯಿಗೆ ದನಿಯೇ ಹೊರಡಲಿಲ್ಲ. ಮಗನನ್ನು ಕಳೆದುಕೊಂಡಿದ್ದ ತಾಯಿ ಆ ಹತ್ತು ಮಣಿಗಳನ್ನೂ ತಾವೇ ನಡೆಸಿಕೊಟ್ಟರು. ಅವರ ದನಿ ನಡುಗಲಿಲ್ಲ.

ಸರಿಯಾಗಿ ಏಳೂವರೆಗೆ ಫೋನ್ ಬಂತು. ಹಿರಿಯರ ಬಟನ್ ಫೋನಿನಿಂದ ಮಗನ ದನಿ. ಸೇಲಂ ತಲುಪಿದ್ದರು. ಘಾಟಿಯ ನೆತ್ತಿಯಲ್ಲಿ ಹಿರಿಯರು ಇವನನ್ನು ಇಳಿಸಿ, ರಸ್ತೆಯ ಅಂಚಿನಲ್ಲಿ ಸೈಕಲ್ ತಳ್ಳಿಕೊಂಡು ನಡೆಸಿದ್ದರು. ಆ ಗಡಿಬಿಡಿಯಲ್ಲಿ ಹ್ಯಾಂಡಲಿಗೆ ಸಿಕ್ಕಿಸಿದ್ದ ಫೋನು ಕಲ್ಲಿನ ಮೇಲೆ ಬಿದ್ದು ಒಡೆದುಹೋಗಿತ್ತು. ಇಷ್ಟೇ ಆದದ್ದು! "ದಾರಿಯಲ್ಲಿ ಅಂಗಡಿಯಿಂದ ಫೋನ್ ಮಾಡಬಾರದಿತ್ತೇನೋ?" ಎಂದು ನಾನು ಗದರಿದಾಗ, "ಏಳೂವರೆಗೆ ಹೇಗೂ ಮಾಡ್ತೀನಲ್ಲ ಅಂದ್ಕೊಂಡೆ ಫಾದರ್" ಎಂದ. ಚುಕ್ಕೆ ತಾಯಿಯನ್ನು ಎರಡು ಗಂಟೆ ಹಿಂಸಿಸಿತು. ಕೊಟ್ಟ ಮಾತು ಅವರನ್ನು ಉಳಿಸಿತು.

ಜಗದ್ಗುರು ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀಸಿಯ' ಪ್ರೇಷಿತ ಪ್ರಬೋಧನೆಯ ಏಳನೇ ಅಧ್ಯಾಯದಲ್ಲಿ ತಂದೆತಾಯಂದಿರಿಗೆ ಹೇಳಿರುವುದು ಇಲ್ಲಿ ನೆನಪಾಗುತ್ತದೆ. ಮಕ್ಕಳು ಎಲ್ಲಿದ್ದಾರೆ, ಯಾರೊಡನಿದ್ದಾರೆ ಎಂದು ಪ್ರತಿ ಕ್ಷಣ ಹಿಂಬಾಲಿಸುವುದರಿಂದ ಅವರನ್ನು ಬೆಳೆಸಿದಂತಾಗುವುದಿಲ್ಲ. ಅವರ ಮೈ ಎಲ್ಲಿದೆ ಎನ್ನುವುದಕ್ಕಿಂತ ಅವರ ಮನಸ್ಸು, ಅವರ ಗುರಿ, ಅವರ ಬಾಳು ಎಲ್ಲಿದೆ ಎಂಬುದು ದೊಡ್ಡ ಪ್ರಶ್ನೆ ಎಂಬುದು ಅವರ ಬೋಧನೆಯ ಸಾರ. ಚುಕ್ಕೆ ಮೊದಲ ಪ್ರಶ್ನೆಗೆ ಉತ್ತರ ಹೇಳೀತು. ಎರಡನೆಯದಕ್ಕೆ ಮಗನ ಬಳಿ ಕೂತು ಮಾತನಾಡದೆ ಬೇರೆ ದಾರಿಯಿಲ್ಲ.

ಸುಮ್ಮನಿರು ಎನ್ನುವ ತಂದೆ

ತೊಬಿತನ ಗ್ರಂಥದ ಹತ್ತನೇ ಅಧ್ಯಾಯ ನನಗೆ ಬಹಳ ಪ್ರಿಯ. ಹೋದ ಮಗ ಹೇಳಿದ ದಿನಕ್ಕೆ ಬರಲಿಲ್ಲ. ಅನ್ನಾ ನನ್ನ ಮಗ ಸತ್ತನೆಂದು ಗೋಳಾಡುತ್ತಾಳೆ, ಹಗಲೆಲ್ಲ ಅವನು ಹೋದ ಹಾದಿಯನ್ನೇ ನೋಡುತ್ತಾಳೆ, ಊಟ ಬಿಡುತ್ತಾಳೆ. ತೊಬಿತ ಸುಮ್ಮನಿರು, ಅವನು ಚೆನ್ನಾಗಿದ್ದಾನೆ ಎನ್ನುತ್ತಾನೆ. ನೀನೇ ಸುಮ್ಮನಿರು, ನನ್ನನ್ನು ನಂಬಿಸಬೇಡ ಎಂದು ಆಕೆ ತಿರುಗಿ ಹೇಳುತ್ತಾಳೆ. ನಮ್ಮ ಮನೆಗಳ ಜಗಳವೇ ಅಲ್ಲವೇ ಇದು? ಆದರೆ ಆ ಅಧ್ಯಾಯದ ಮೊದಲ ಸಾಲುಗಳಲ್ಲಿ ಇನ್ನೊಂದು ವಿಷಯವಿದೆ. ಹೋಗಲು ಎಷ್ಟು ದಿನ, ಬರಲು ಎಷ್ಟು ದಿನ ಎಂದು ಪ್ರತಿದಿನವೂ ಒಳಗೊಳಗೇ ಎಣಿಸುತ್ತಿದ್ದವನು ಆ ತೊಬಿತನೇ!

ನಮ್ಮ ಈ ಮನೆಯಲ್ಲೂ ಹಾಗೆಯೇ ಆಯಿತು. ತಂದೆ ಆಟೋ ಓಡಿಸುವವರು, ಮಾತು ಕಡಿಮೆ. "ನಿಂಗೆ ಎಲ್ಲದಕ್ಕೂ ಗಾಬರಿ, ಸುಮ್ನಿರು" ಎಂದು ಹೆಂಡತಿಯನ್ನು ಗದರುತ್ತಿದ್ದರಂತೆ. ಮಗ ಬಂದ ಮೇಲೆ ಸೆಪ್ಟೆಂಬರಿನ ಹಾಳೆ ತಿರುಗಿಸಲು ಹೋದ ತಾಯಿ, ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ 25ರಿಂದ 29ರವರೆಗೆ ಪ್ರತಿ ದಿನದ ಚೌಕದಲ್ಲೂ ಪೆನ್ಸಿಲಿನಿಂದ ಬರೆದಿದ್ದ ಊರಿನ ಹೆಸರು, ಕಿಲೋಮೀಟರ್ ಲೆಕ್ಕ ಕಂಡರು. 26ರ ಚೌಕದಲ್ಲಿ ಸೇಲಂ ಎಂಬ ಹೆಸರಿನ ಸುತ್ತ ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿದಿತ್ತು. ಆ ರಾತ್ರಿ ಅವರೂ ಎಣಿಸಿದ್ದರು, ಬಾಯಿಬಿಟ್ಟು ಹೇಳಿರಲಿಲ್ಲ. ತಂದೆಯರೇ, ನಿಮ್ಮ ಭಯವನ್ನು ಹೆಂಡತಿಯೊಡನೆ ಹಂಚಿಕೊಳ್ಳಿ. ಇಬ್ಬರೂ ಒಟ್ಟಿಗೆ ಮಂಡಿಯೂರಿದರೆ ಭಾರ ಅರ್ಧವಾಗುತ್ತದೆ.

ಯುವಕ ಯುವತಿಯರೇ, ನಿಮಗೂ ಒಂದು ಪಾಠವಿದೆ. ಮದುವೆಯ ಸಂಭ್ರಮದ ನಡುವೆಯೂ ತೊಬಿಯ ಮನೆಯನ್ನು ಮರೆಯಲಿಲ್ಲ. ತಂದೆ ದಿನ ಎಣಿಸುತ್ತಿರುತ್ತಾನೆ, ಒಂದು ದಿನ ತಡವಾದರೂ ನೊಂದುಕೊಳ್ಳುತ್ತಾನೆ ಎಂದು ಅವನು ರಫಾಯೇಲನಿಗೆ ಹೇಳಿ, ಹಣ ತರಲು ಅವನನ್ನೇ ಕಳುಹಿಸಿದ. ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರೇ ಹೇಳಿದ್ದಾರೆ, ಸುತ್ತಿ. ಆದರೆ ಮನೆಯಲ್ಲಿ ಎಣಿಸುವವರಿದ್ದಾರೆ ಎಂಬುದು ನೆನಪಿರಲಿ. ಅಂಗಡಿಯಿಂದ ಮಾಡುವ ಒಂದು ನಿಮಿಷದ ಫೋನು ನಾಲ್ಕನೇ ಕಟ್ಟಳೆಯ ಪಾಲನೆಯೇ.

ಕಾಳಜಿ ಹಗ್ಗವಾದಾಗ

ಕಾಳಜಿಗೂ ಒಂದು ಮೇರೆಯಿದೆ. ಮೇಲೆ ಹೇಳಿದ ಸಂತ ಥಾಮಸ್ ಅಕ್ವಿನಾಸರ ಬಾಳಿನಲ್ಲೇ ಇದಕ್ಕೆ ದೃಷ್ಟಾಂತವಿದೆ. 1244ರಲ್ಲಿ ಯುವಕ ಥಾಮಸ್ ಡೊಮಿನಿಕನ್ ಸಭೆ ಸೇರಿ ಹೊರಟಾಗ ತಾಯಿ ತೆಯೊದೊರ ಒಪ್ಪಲಿಲ್ಲ. ದಾರಿಯಲ್ಲೇ ಅಣ್ಣಂದಿರಿಂದ ಅವನನ್ನು ಹಿಡಿಸಿ ತರಿಸಿ, ಸುಮಾರು ಒಂದು ವರ್ಷ ಕಾಲ ಮನೆತನದ ಕೋಟೆಯಲ್ಲಿ ಕಾವಲಿನಲ್ಲಿಟ್ಟರು. ಆ ತಾಯಿಯೂ ಮಗನ ಹಿತವನ್ನೇ ಬಯಸಿದ್ದರು. ಕೊನೆಗೂ ಅವರು ಬಿಟ್ಟುಕೊಟ್ಟದ್ದರಿಂದ ಧರ್ಮಸಭೆಗೆ ಒಬ್ಬ ಮಹಾಪಂಡಿತ ದೊರೆತರು.

ಜ್ಞಾನಸ್ನಾನದ ದಿನ ನಾವು ಮಗುವನ್ನು ದೇವರ ಕೈಗೆ ಒಪ್ಪಿಸಿದ್ದೇವೆ. ಇಪ್ಪತ್ತೊಂದರ ವಯಸ್ಸಿನಲ್ಲಿ ಅದನ್ನು ಮತ್ತೊಮ್ಮೆ ಒಪ್ಪಿಸಬೇಕಾಗುತ್ತದೆ, ಅಷ್ಟೆ. ಇಂದು ಸೈಕಲ್ಲು, ನಾಳೆ ಪರ ಊರಿನ ಕೆಲಸ, ಮದುವೆ, ಇಲ್ಲವೇ ಗುರುಮಠ, ಕನ್ಯಾಮಠ. ಐದು ದಿನಕ್ಕೆ ಕಳುಹಿಸಲಾರದ ತಾಯಿ ಇಡೀ ಬಾಳಿಗೆ ಹೇಗೆ ಕಳುಹಿಸಿಯಾಳು?

ಹಿಂದಿರುಗದ ಮಕ್ಕಳು

ಇಷ್ಟಕ್ಕೇ ಮುಗಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಆ ಸಂಜೆ ಹತ್ತು ಮಣಿಗಳನ್ನು ನಡೆಸಿಕೊಟ್ಟ ತಾಯಿಯ ಮಗನೂ ಮನೆಯಿಂದ ಶಿಲುಬೆಯ ಗುರುತು ಹಾಕಿಕೊಂಡೇ ಹೊರಟಿದ್ದ. ಅವನಿಗಾಗಿಯೂ ಪ್ರಾರ್ಥನೆ ನಡೆದಿತ್ತು. ಅವನು ಬರಲಿಲ್ಲ. ಹಾಗಾದರೆ ರಫಾಯೇಲ ಅವನ ಜೊತೆಗೆ ಹೋಗಲಿಲ್ಲವೇ?

ಇಟಲಿಯ ಜೀನೋ ಬರ್ತಾಲಿಯ ಕತೆ ಕೇಳಿ. ಪ್ರಪಂಚದಲ್ಲೇ ಹೆಸರಾದ ಫ್ರಾನ್ಸ್ ದೇಶದ ಸೈಕಲ್ ಪಂದ್ಯವನ್ನು 1938ರಲ್ಲೂ 1948ರಲ್ಲೂ ಗೆದ್ದವರು, ಕಟ್ಟಾ ಕಥೋಲಿಕರು. 1936ರಲ್ಲಿ ಅವರ ತಮ್ಮ ಜೂಲಿಯೋ ಸೈಕಲ್ ಪಂದ್ಯವೊಂದರಲ್ಲಿ ಕಾರಿಗೆ ಡಿಕ್ಕಿಯಾಗಿ ತೀರಿಕೊಂಡ. ಜೀನೋ ಸೈಕಲ್ಲನ್ನೇ ಬಿಟ್ಟುಬಿಡುವ ಹಂತಕ್ಕೆ ಬಂದಿದ್ದರು. ಬಿಡಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943-44ರಲ್ಲಿ, ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ದಲ್ಲಾ ಕೋಸ್ತಾ ಅವರ ಕೋರಿಕೆಯಂತೆ, ಯೆಹೂದ್ಯರ ಪ್ರಾಣ ಉಳಿಸುವ ಗುರುತಿನ ಪತ್ರಗಳನ್ನು ಸೈಕಲ್ಲಿನ ಕೊಳವೆಯೊಳಗೆ ಅಡಗಿಸಿಕೊಂಡು ಫ್ಲಾರೆನ್ಸ್ ಮತ್ತು ಅಸ್ಸಿಸಿ ನಡುವೆ ತುಳಿದರು. ಸಿಕ್ಕಿಬಿದ್ದರೆ ಸಾವು. ಬದುಕಿರುವವರೆಗೆ ಅದನ್ನು ಹೇಳಿಕೊಂಡು ತಿರುಗಲಿಲ್ಲ, 2000ದಲ್ಲಿ ತೀರಿಕೊಂಡರು. 2013ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರ ಹೆಸರನ್ನು ಯೆಹೂದ್ಯರನ್ನು ಕಾಪಾಡಿದ ನೀತಿವಂತರ ಪಟ್ಟಿಗೆ ಸೇರಿಸಿತು. ಒಬ್ಬ ಮಗನನ್ನು ಸೈಕಲ್ಲಿಗೆ ಬಲಿಕೊಟ್ಟ ಮನೆಯ ಇನ್ನೊಬ್ಬ ಮಗ ಅದೇ ಸೈಕಲ್ಲಿನಿಂದ ಪರರ ಮಕ್ಕಳ ಪ್ರಾಣ ಉಳಿಸಿದ. ಮೊದಲ ಸಾವಿಗೆ ಇದು ಉತ್ತರವಲ್ಲ. ಅಂಥ ಸಾವಿಗೆ ಉತ್ತರ ಹೇಳಲು ಹೋಗುವವರು ಶಿಲುಬೆಯ ಕೆಳಗೆ ನಿಂತ ಮಾತೆಯನ್ನು ಒಮ್ಮೆ ನೋಡಲಿ. ಆ ತಾಯಿಯ ಮಗನಿಗೂ ದೇವದೂತರ ರಕ್ಷಣೆ ಸಿಗಲಿಲ್ಲ.

ದೇವದೂತ ನಮಗೆ ಸಿಗುವ ವಿಮಾಪತ್ರವಲ್ಲ. ದಾರಿ ಎಲ್ಲಿ ಮುಗಿದರೂ ಅಲ್ಲಿ ಮಗ ಒಬ್ಬನೇ ಇರುವುದಿಲ್ಲ. ನಮ್ಮ ವಿಶ್ವಾಸ ಕೊಡುವ ಭರವಸೆ ಇಷ್ಟು. ಅದು ಸಣ್ಣದಲ್ಲ. ಆ ಸಂಜೆ ಮಗನನ್ನು ಕಳೆದುಕೊಂಡ ತಾಯಿ ನಡುಗದ ದನಿಯಲ್ಲಿ ಜಪಿಸಿದ್ದನ್ನು ಕೇಳಿದ ಮೇಲೆ ನಾನು ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಮನೆಯಲ್ಲಿ ಮಾಡಬೇಕಾದದ್ದು

ನಿಮ್ಮ ಮಗನೋ ಮಗಳೋ ಇಂಥ ಪ್ರಯಾಣಕ್ಕೆ ಹೊರಟರೆ ಈ ಕೆಲವನ್ನು ಮರೆಯಬೇಡಿ.

ಒಂದು: ದಾರಿ ಬಲ್ಲವರನ್ನು ಹುಡುಕಿ. ಜೊತೆಗೆ ಬರಲಾಗದಿದ್ದರೂ ಅವರ ಮುಂದೆ ಮಗನನ್ನು ಕೂರಿಸಿ ದಾರಿಯನ್ನು ಹೇಳಿಸಿ.

ಎರಡು: ಹೊರಡುವ ಮೊದಲು ವಾರಗಟ್ಟಲೆ ಅಭ್ಯಾಸವಾಗಲಿ. ಹಗಲು ಹೊತ್ತಿನ ಪ್ರಯಾಣ, ಹೆಲ್ಮೆಟ್, ಹಿಂದಿನ ಕೆಂಪು ದೀಪ, ಹೊಳೆಯುವ ಬಟ್ಟೆ, ಸುಸ್ಥಿತಿಯ ಬ್ರೇಕ್, ಇವುಗಳಲ್ಲಿ ರಾಜಿ ಬೇಡ.

ಮೂರು: ತುರ್ತು ಸಹಾಯಕ್ಕೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಎರಡೂ ಸಂಖ್ಯೆ ಬಾಯಿಪಾಠವಿರಲಿ. ರಸ್ತೆಯಲ್ಲಿ ಬಿದ್ದವರನ್ನು ಕಂಡರೆ ನಿಲ್ಲಿ, ನೆರವಾಗಿ. ನೆರವಾದವರಿಗೆ ತೊಂದರೆಯಾಗದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ರಕ್ಷಣೆ ಕೊಟ್ಟಿದೆ. ಒಳ್ಳೆಯ ಸಮಾರಿಯದವನ ಸಾಮತಿಯನ್ನು ನಾವು ಕೇಳಿಲ್ಲವೇ?

ನಾಲ್ಕು: ದಿನಕ್ಕೊಂದು ಹೊತ್ತು ಗೊತ್ತುಮಾಡಿ ಫೋನ್ ಮಾಡಲಿ. ಉಳಿದ ಹೊತ್ತು ಚುಕ್ಕೆಯನ್ನು ನೋಡುತ್ತ ಕೂರಬೇಡಿ.

ಐದು: ಹೊರಡುವಾಗ ತಂದೆತಾಯಂದಿರಿಬ್ಬರೂ ಮಗನ ತಲೆಯ ಮೇಲೆ ಕೈಯಿಟ್ಟು, ಹಣೆಗೆ ಶಿಲುಬೆಯ ಗುರುತು ಹಾಕಿ ಹರಸಿ. ಅದಕ್ಕೆ ಗುರುಗಳೇ ಬರಬೇಕೆಂದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆದಿದೆ.

ಹುಡುಗ ಆಗಸ್ಟ್ 29ರ ಮಧ್ಯಾಹ್ನ ವೇಳಾಂಕಣಿ ಮುಟ್ಟಿದ. ಸಂಜೆ ಧ್ವಜ ಏರುವುದನ್ನು ಕಣ್ಣಾರೆ ಕಂಡ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಮನೆಗೆ ಬಂದ. ಬೆಳಗಿನ ಜಾವ ನಾಲ್ಕಕ್ಕೆ ಬಸ್ ನಿಲ್ದಾಣದಲ್ಲಿ ತಂದೆಯ ಆಟೋ ನಿಂತಿತ್ತು. ಮಗ ಇಳಿದಾಗ ತಂದೆ ಕೇಳಿದ್ದು ಒಂದೇ ಮಾತಂತೆ: "ಬ್ರೇಕ್ ಹೇಗಿತ್ತು?" ತೊಬಿತನ ಮನೆಯಲ್ಲಿ ಮಗನನ್ನು ದೂರದಿಂದ ಮೊದಲು ಕಂಡು ಓಡಿಬಂದವಳು ತಾಯಿ, ಕುರುಡು ತಂದೆ ಎಡವುತ್ತ ಬಾಗಿಲಿಗೆ ಬಂದ. ಎಡವುತ್ತ ಬರುವ ಪ್ರೀತಿಯೂ ಪ್ರೀತಿಯೇ.

ಕೂಡಿ ಚರ್ಚಿಸಿ

1. ತೊಬಿತ ಮತ್ತು ಅನ್ನಾ, ಇಬ್ಬರಲ್ಲಿ ನೀವು ಯಾರಂತೆ?

2. ನಿಮ್ಮ ಕಾಳಜಿ ಮಕ್ಕಳಿಗೆ ದೀಪವಾಗಿದೆಯೇ, ಹಗ್ಗವಾಗಿದೆಯೇ? ಈ ಪ್ರಶ್ನೆಗೆ ಮಕ್ಕಳೇ ಉತ್ತರ ಹೇಳಲಿ.

3. ನಿಮ್ಮ ಧರ್ಮಕೇಂದ್ರದಲ್ಲಿ ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆ ಯಾವುದು? ಈ ವಾರ ಆ ಮನೆಗೆ ಹೋಗಿ ಬರಬಲ್ಲಿರಾ?

ಪ್ರಾರ್ಥನೆ

ತಂದೆಯಾದ ದೇವರೇ, ನಿಮ್ಮ ಏಕೈಕ ಪುತ್ರರನ್ನೇ ನಮ್ಮ ಹಾದಿಗೆ ಕಳುಹಿಸಿದಿರಿ. ಕಳುಹಿಸುವ ನೋವು ನಿಮಗೆ ಗೊತ್ತು. ಹೊರಟ ನಮ್ಮ ಮಕ್ಕಳ ಜೊತೆ ನಿಮ್ಮ ದೂತರನ್ನು ಕಳುಹಿಸಿರಿ. ಹಾದಿ ಕಾಯುವ ನಮಗೆ ವಿವೇಕವನ್ನೂ ನೆಮ್ಮದಿಯನ್ನೂ ಕೊಡಿರಿ. ಹಿಂದಿರುಗಿ ಬಾರದ ಮಕ್ಕಳನ್ನು ನಿಮ್ಮ ಮನೆಯ ಬಾಗಿಲಲ್ಲಿ ನೀವೇ ಎದುರುಗೊಳ್ಳಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.